ಗುಂಡಿಗೆ ಸವರಿದ ಜಿಡ್ಡು

ಇವತ್ತು ನಾನು ಮಾತಾಡಲು ಹೊರಟಿರುವುದು ಜಿಡ್ಡಿನ ಬಗ್ಗೆ. ಅಡುಗೆಮನೆಯ ಜಿಡ್ಡಲ್ಲ, ಬಂದೂಕಿನ ಜಿಡ್ಡು. ಕನ್ನಡ ಎಂ.ಎ. ಓದಿದವರಿಗೆ ಬಂದೂಕಿನ ಉಸಾಬರಿ ಯಾಕೆ ಅಂತ ನಗಬೇಡಿ. ಸ್ವಾಹಿಲಿಯಲ್ಲಿ ನೀವು ‘ಬುಂಡುಕಿ’ ಅಂತೀರಿ, ಕನ್ನಡದಲ್ಲಿ ನಾವು ‘ಬಂದೂಕು’ ಅಂತೀವಿ. ಎರಡೂ ಅರಬ್ಬಿ ಮೂಲದ ಒಂದೇ ಪದ, ಸಮುದ್ರದ ಎರಡೂ ದಡದಲ್ಲಿ ಇಳಿದು ನೆಲೆಸಿದೆ.

ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆಯಲ್ಲಿ ಹಳೆಯ ಫಿರಂಗಿಗಳನ್ನು ನೋಡಿರುತ್ತೀರಿ. ಅವಕ್ಕೆ ಮದ್ದು, ಗುಂಡು ಎರಡನ್ನೂ ಮುಂದಿನ ಬಾಯಿಯಿಂದಲೇ ತುಂಬಬೇಕು. ಹಿಂದಿನ ಕಾಲದ ಬಂದೂಕುಗಳೂ ಹಾಗೆಯೇ. ಕೊಡಗು, ಮಲೆನಾಡಿನ ಕಡೆ ಇದಕ್ಕೆ ಕೇಪಿನ ಕೋವಿ ಅಂತಾರೆ. ಕೊಡಗಿನಲ್ಲಿ ಕೈಲ್‌ಪೊದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದು ಇವತ್ತಿಗೂ ಇದೆ.

ನುಣುಪು ನಳಿಗೆಯ ಕೋವಿಗೆ ಜಿಡ್ಡು ಅಷ್ಟಾಗಿ ಬೇಕಿಲ್ಲ. ಮದ್ದು ಸುರಿದು, ನಾರು ಜಡಿದು, ಚರೆ ಹಾಕಿ, ಗಜದಿಂದ ಗುದ್ದಿದರೆ ಆಯಿತು. ರೈಫಲ್ ಹಾಗಲ್ಲ. ಅದರ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಹಿಡಿದು ತಿರುಗುತ್ತಾ ಹೊರಟರೆ ಗುರಿ ತಪ್ಪುವುದಿಲ್ಲ. ಅದಕ್ಕೆ ಸೀಸದ ಗುಂಡನ್ನು ಒಂದು ತುಂಡು ಹತ್ತಿಬಟ್ಟೆಯಲ್ಲಿ ಸುತ್ತಿ ಬಿಗಿಯಾಗಿ ಇಳಿಸುತ್ತಾರೆ. ಆ ಬಟ್ಟೆಗೆ ಜಿಡ್ಡು ಬೇಕೇ ಬೇಕು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೊಂದಿಗೆ ಮಸಿ, ಉಪ್ಪುಗಳಾಗಿ ಉಳಿಯುತ್ತದೆ. ನಳಿಗೆಗೆ ಅಂಟಿದ ಆ ಕಿಟ್ಟ ಒಣಗಿ ಗಟ್ಟಿಯಾದರೆ ಮುಂದಿನ ಗುಂಡು ಒಳಗೆ ಇಳಿಯುವುದೇ ಇಲ್ಲ. ಅದನ್ನು ಮೆತ್ತಗೆ ಇಡುವುದೇ ಜಿಡ್ಡಿನ ಕೆಲಸ.

ಹಾಗಾದರೆ ಯಾವ ಜಿಡ್ಡು? ಉಪ್ಪು ಬೆರೆತ ಕೊಬ್ಬು ಆಗದು, ಕಬ್ಬಿಣ ತುಕ್ಕು ಹಿಡಿಯುತ್ತದೆ. ಯಂತ್ರಕ್ಕೆ ಹಾಕುವ ಎಣ್ಣೆ ಕರಿಮದ್ದಿನ ಜೊತೆ ಸೇರಿ ಡಾಂಬರಿನಂತೆ ಅಂಟುತ್ತದೆ. ಬರೀ ಎಣ್ಣೆ ಆದರೆ ಜಿನುಗಿ ಮದ್ದನ್ನೇ ನೆನೆಸುತ್ತದೆ. ಇಲ್ಲಿ ಹವೆಯ ಲೆಕ್ಕವೂ ಇದೆ. ಜುಲೈ ತಿಂಗಳ ಬೆಳಿಗ್ಗೆ ನೈರೋಬಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ನೀವು ನೋಡಿದ್ದೀರಿ. ಅದೇ ಎಣ್ಣೆ ಮೊಂಬಾಸಾದಲ್ಲಿ ನೀರಿನಂತಿರುತ್ತದೆ. ಹಾಗಾಗಿ ಎಣ್ಣೆಗೆ ಜೇನುಮೇಣ ಬೆರೆಸುತ್ತಾರೆ. ಮೇಣ ಕರಗಲು 60 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ, ಹರಳೆಣ್ಣೆಯನ್ನೋ ಆಲಿವ್ ಎಣ್ಣೆಯನ್ನೋ ಸೇರಿಸಿ, ಬಟ್ಟೆಗೆ ಹೀರಿಸಿ ಆರಿಸುತ್ತಾರೆ. ಸೆಖೆಯ ಊರಿಗೆ ಮೇಣ ಹೆಚ್ಚು, ಚಳಿಯ ಊರಿಗೆ ಎಣ್ಣೆ ಹೆಚ್ಚು. ನಮ್ಮ ಅಜ್ಜಿಯಂದಿರು ಕುಂಕುಮ ನಿಲ್ಲಲಿ ಅಂತ ಹಣೆಗೆ ಹಚ್ಚುತ್ತಿದ್ದರಲ್ಲ, ಅದೇ ಮೇಣ. ಇಲ್ಲಿ ಬಾರಿಂಗೋ ಕಡೆಯ ಜೇನುಗೂಡುಗಳಲ್ಲೂ ಸಿಗುತ್ತದೆ.

ಇಷ್ಟು ಸರಳವಾದ ವಸ್ತು ಇರುವಾಗ ಈಸ್ಟ್ ಇಂಡಿಯಾ ಕಂಪನಿ ಏನು ಮಾಡಿತು ನೋಡಿ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿಗೆ ಬಟ್ಟೆಯ ಬದಲು ಕಾಗದ. ಒಂದೇ ಕಾಗದದ ಕೊಳವೆಯಲ್ಲಿ ಮದ್ದು, ಗುಂಡು ಎರಡೂ ಇರುತ್ತಿದ್ದವು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಜಿಡ್ಡು ಹಚ್ಚಿದ ಕಾಗದದ ಸಮೇತ ಗುಂಡನ್ನು ಒಳಗೆ ತಳ್ಳಬೇಕು. ಆ ಜಿಡ್ಡಿನಲ್ಲಿ ಪ್ರಾಣಿಯ ಕೊಬ್ಬಿತ್ತು. ಯಾವ ಪ್ರಾಣಿಯದು ಅನ್ನುವುದರ ಮೇಲೆ ಯಾರೂ ನಿಗಾ ಇಟ್ಟಿರಲಿಲ್ಲ. ದನದ್ದಾದರೆ ಹಿಂದೂಗಳಿಗೆ ಆಗದು, ಹಂದಿಯದಾದರೆ ಮುಸ್ಲಿಮರಿಗೆ ಆಗದು.

1853ರಲ್ಲಿ ಮಾದರಿ ತೋಟಾಗಳು ಭಾರತಕ್ಕೆ ಬಂದಾಗಲೇ ಬಂಗಾಳ ಸೈನ್ಯದ ಅಧಿಕಾರಿ ಕರ್ನಲ್ ಟಕರ್ ಈ ಬಗ್ಗೆ ಎಚ್ಚರಿಸಿದ್ದ. ಆಗ ನಡೆದ ಪರೀಕ್ಷೆ ಜಿಡ್ಡು ಭಾರತದ ಬಿಸಿಲನ್ನು ತಡೆಯುತ್ತದೆಯೇ ಅನ್ನುವುದಕ್ಕೆ. ಕಚ್ಚುವವನು ತಡೆಯುತ್ತಾನೆಯೇ ಅಂತ ಯಾರೂ ಕೇಳಲಿಲ್ಲ. 1857ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಸುದ್ದಿ ಹಬ್ಬಿತು. ಜನವರಿ 27ಕ್ಕೆ ಆಜ್ಞೆ ಹೊರಟಿತು: ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಬೇಕಾದ್ದನ್ನು ನೀವೇ ಸವರಿಕೊಳ್ಳಿ. ಮೇಣ, ಎಣ್ಣೆ ಎಲ್ಲ ಬಜಾರಿನಲ್ಲೇ ಇತ್ತು. ಆದರೆ ನಂಬಿಕೆ ಹೋಗಿತ್ತು. ಕಾಗದ ಹೊಳೆಯುತ್ತಿದೆ, ಅದರಲ್ಲೇ ಕೊಬ್ಬಿದೆ ಅಂದರು ಸಿಪಾಯಿಗಳು. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲಿಲ್ಲ. ಅವರಿಗೆ ಕೊಟ್ಟದ್ದು ಹಳೆಯ ಬಗೆಯ ತೋಟಾಗಳನ್ನೇ! ಮೇ 10ರಂದು ದಂಗೆ ಶುರುವಾಯಿತು. ದಂಗೆಗೆ ಭೂಮಿ, ಸಂಬಳ, ರಾಜ್ಯಗಳ ಕಬಳಿಕೆ ಹೀಗೆ ಬೇರೆ ಕಾರಣಗಳೂ ಇದ್ದವು. ಕಿಡಿ ಮಾತ್ರ ಈ ಜಿಡ್ಡಿನದು.

ಆ ಬೆಂಕಿಯ ಝಳ ಕನ್ನಡ ನಾಡಿಗೂ ತಟ್ಟಿತು. ಹೆದರಿದ ಸರಕಾರ ಜನರ ಆಯುಧಗಳನ್ನು ಕಸಿಯಲು ಹೊರಟಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. 1857ರ ನವೆಂಬರಿನಲ್ಲಿ ಸೈನ್ಯ ಊರಿಗೇ ಬೆಂಕಿ ಇಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಲಾವಣಿ ಇಂದಿಗೂ ಉಳಿದಿದೆ.

ಮುಂದೆ ಬ್ರಿಟಿಷರೂ ಜೇನುಮೇಣಕ್ಕೇ ಬಂದರು. ಕೊಬ್ಬಿನ ಆಮ್ಲ ಸೀಸವನ್ನು ತಿನ್ನುತ್ತದೆ ಅಂತ ಗೊತ್ತಾಯಿತು. ಅಂದರೆ ಸಿಪಾಯಿಗೆ ಒಗ್ಗುವ ಜಿಡ್ಡೇ ಗುಂಡಿಗೂ ಒಳ್ಳೆಯದಾಗಿತ್ತು.

ಅಂಗಡಿಯಲ್ಲಿ ಅಮ್ಮ ಚಾಕೊಲೇಟಿನ ಹಿಂಬದಿ ಓದುತ್ತಾ ‘ಇದರಲ್ಲಿ ಜೆಲಟಿನ್ ಇದೆಯಾ’ ಅಂತ ಕೇಳಿದಾಗ ನಿಮಗೆ ಮುಜುಗರ ಆಗಬಹುದು. ನಿಮ್ಮ ಮುಸ್ಲಿಂ ಗೆಳೆಯರ, ಜೈನ ಗೆಳತಿಯರ ಮನೆಯಲ್ಲೂ ಅದೇ ಪ್ರಶ್ನೆ ನಡೆಯುತ್ತಿರುತ್ತದೆ. ನೀವು ತಿನ್ನಿ, ಬಿಡಿ, ಅದು ನಿಮ್ಮಿಷ್ಟ. ಆದರೆ ನಾಳೆ ನೀವು ಎಂಜಿನಿಯರ್, ಡಾಕ್ಟರ್, ವ್ಯಾಪಾರಿ ಏನೇ ಆಗಿ, ಬೇರೆಯವರ ಬಾಯಿಗೆ, ಮೈಗೆ ತಾಗುವ ವಸ್ತು ಮಾಡುವಾಗ ಮೊದಲೇ ಅವರನ್ನು ಕೇಳಿ. ಆಮೇಲೆ ಕೊಡುವ ವಿವರಣೆಯನ್ನು ಯಾರೂ ನಂಬುವುದಿಲ್ಲ.