ದಾಕ್ಷಿಣ್ಯ ಮತ್ತು ದುಡ್ಡು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತನಾಡಬೇಕೆಂದಿರುವುದು ದುಡ್ಡಿನ ವಿಷಯ. ಆದರೆ ಮಿತವ್ಯಯದ ಉಪದೇಶ ಮಾಡುವ ಉದ್ದೇಶ ನಮಗಿಲ್ಲ. ಊರು ಬಿಟ್ಟು ಬಂದು, ಒಂದೇ ಕೋಣೆಯಲ್ಲಿ ನಾಲ್ಕು ಜನ ಇದ್ದುಕೊಂಡು, ತಿಂಗಳು ತಪ್ಪದೆ ಮನೆಗೆ ಹಣ ಕಳುಹಿಸುವವರಿಗೆ ಮಿತವ್ಯಯ ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತಾದೀತು.

ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಹೆಚ್ಚೆಂದು ಮುಂದಿನ ಅಂಗಡಿಗೆ ನಡೆಯುವವರು ನಾವು. ಅದೇ ನಾವು ಎರಡು ಲಕ್ಷ ರೂಪಾಯಿಯ ಸಾಲಕ್ಕೆ ಜಾಮೀನು ನಿಲ್ಲುವಾಗ ಎರಡು ನಿಮಿಷವೂ ಯೋಚಿಸುವುದಿಲ್ಲ. ಇದಕ್ಕೆ ಕಾರಣವೇನು? ಲೆಕ್ಕ ಬಾರದವರೆಂದಲ್ಲ. ಕೇಳಲು ಬಂದವನು ನಮ್ಮ ತಾಲ್ಲೂಕಿನವನು, ನಮ್ಮ ಮಾತಿನವನು. "ಅಣ್ಣಾ, ಒಂದು ಸಹಿ ಅಷ್ಟೇ" ಎಂದು ಎದುರಿಗೆ ನಿಂತಾಗ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ಪರಸ್ಥಳದಲ್ಲಿ ಕನ್ನಡ ಮಾತೇ ನಮಗೆ ನೆಂಟಸ್ತನ. ಆ ನೆಂಟಸ್ತನ ಉಳಿಯಬೇಕೆಂಬ ಆಸೆಯಿಂದಲೇ ನಾವು ಈ ಮಾತನ್ನು ಎತ್ತಿದ್ದೇವೆ. ಏಕೆಂದರೆ ದಾಕ್ಷಿಣ್ಯಕ್ಕೆ ಹಾಕಿದ ಸಹಿಯಿಂದ ಮುರಿದುಹೋದ ಸ್ನೇಹಗಳು ನಮ್ಮ ನಡುವೆ ಕಡಿಮೆಯೇನಲ್ಲ.

ಜಾಮೀನು ಎಂದರೇನು? 'ಅವನು ಒಳ್ಳೆಯವನು' ಎಂದು ಹೇಳುವ ಯೋಗ್ಯತಾಪತ್ರವೆಂದು ಬಹಳ ಮಂದಿ ತಿಳಿದಿದ್ದಾರೆ. ಕಾನೂನು ಹಾಗೆ ತಿಳಿಯುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅರ್ಧವಲ್ಲ, ಕಾಲು ಭಾಗವಲ್ಲ. ಸಾಲಗಾರನ ಬೆನ್ನು ಹತ್ತಿ ಸೋತ ಮೇಲೆಯೇ ಜಾಮೀನುದಾರನ ಬಳಿ ಬರುತ್ತಾರೆಂಬ ನಂಬಿಕೆಗೂ ಆಧಾರವಿಲ್ಲ. ಕಂತು ತಪ್ಪಿದರೆ ಸಾಲ ಕೊಟ್ಟವರು ನೇರವಾಗಿ ನಮ್ಮನ್ನೇ ಕೇಳಬಹುದು. ನೌಕರರ ಸಹಕಾರಿ ಸಂಘಗಳ ಸಾಲವಾದರೆ ನಮ್ಮ ಪಗಾರದಿಂದಲೇ ಕಡಿತವಾಗುವ ಸಂಭವವೂ ಉಂಟು. ಹೀಗೆ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಕಾಯಿದೆ ನಮಗೆ ಕೊಟ್ಟಿದೆ, ನಿಜ. ಆದರೆ ಸಾಲ ತೀರಿಸಲಾರದೆ ಊರು ಬಿಟ್ಟವನನ್ನು ಹುಡುಕಿಕೊಂಡು ಹೋಗಲು ನಮಗೆ ರಜೆ ಯಾರು ಕೊಡುತ್ತಾರೆ?

ಆದುದರಿಂದ ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: "ಈ ಕಂತನ್ನು ಒಂದು ವರ್ಷ ನಾವೇ ಕಟ್ಟಬೇಕಾಗಿ ಬಂದರೆ, ಊರಿಗೆ ಕಳುಹಿಸುವ ಹಣ ನಿಲ್ಲದೆ ಕಟ್ಟಬಲ್ಲೆವೆ?" ಕಟ್ಟಬಲ್ಲೆವು, ಕಟ್ಟಲು ಮನಸ್ಸೂ ಇದೆ ಎಂದಾದರೆ ಸಂತೋಷದಿಂದ ಸಹಿ ಹಾಕೋಣ. ಇಲ್ಲವಾದರೆ ಕೈಲಾದ ಐನೂರೋ ಸಾವಿರವೋ ಕೈಯಲ್ಲಿಟ್ಟು, "ತಮ್ಮಾ, ಇದನ್ನು ತಿರುಗಿ ಕೊಡಬೇಡ, ಸಹಿ ಮಾತ್ರ ಕೇಳಬೇಡ" ಎನ್ನುವುದು ಇಬ್ಬರಿಗೂ ಕ್ಷೇಮ.

ಜಾಮೀನಿನ ಮಾತು ಹಾಗಿರಲಿ, ನಮ್ಮ ಸ್ವಂತ ಸಾಲದ ಕಡೆಗೆ ಬರೋಣ. ಕಷ್ಟ ಬಂದಾಗ ದಿನವಸೂಲಿಯ ಸಾಲ ಬೇಗ ಸಿಗುತ್ತದೆ, ಕಾಗದಪತ್ರದ ತೊಂದರೆಯಿಲ್ಲ. ಹತ್ತು ಸಾವಿರ ರೂಪಾಯಿ ಸಾಲವೆಂದು ಹೇಳಿ, ಮುಂಚಿತವಾಗಿಯೇ 1,500 ಹಿಡಿದುಕೊಂಡು, 8,500 ಕೈಗೆ ಕೊಡುತ್ತಾರೆನ್ನೋಣ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. "ನೂರಕ್ಕೆ ಹದಿನೈದು ತಾನೇ" ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಮೊದಲ ದಿನದಿಂದಲೇ ಹಣ ಹಿಂದಕ್ಕೆ ಹೋಗುತ್ತಿರುವುದರಿಂದ, ಈ 100 ದಿನಗಳಲ್ಲಿ ಸರಾಸರಿ ನಮ್ಮ ಬಳಿ ಇದ್ದದ್ದು ಸುಮಾರು 4,250 ಮಾತ್ರ. ಅದಕ್ಕೆ ನೂರು ದಿನಕ್ಕೆ ಬಡ್ಡಿ 1,500. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ನೂರಕ್ಕೆ 120ಕ್ಕೂ ಮೇಲೆ ಬರುತ್ತದೆ!

ವಾಯಿದೆಯ ಮೇಲೆ ಸಾಮಾನು ಕೊಳ್ಳುವಾಗಲೂ ಇದೇ ತೊಡಕು. 12,000 ರೂಪಾಯಿಗೆ "ವರ್ಷಕ್ಕೆ ನೂರಕ್ಕೆ ಹನ್ನೆರಡು" ಎಂದು ಹೇಳಿ, ತಿಂಗಳಿಗೆ 1,120ರಂತೆ ಹನ್ನೆರಡು ಕಂತು ಬರೆಸಿಕೊಳ್ಳುತ್ತಾರೆ. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 12,000ಕ್ಕೆ! ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ದರ 21ನ್ನು ದಾಟುತ್ತದೆ. ಹೇಳಿದವರು ಸುಳ್ಳು ಹೇಳಲಿಲ್ಲ. ನಾವು ಕೇಳಬೇಕಾದುದನ್ನು ಕೇಳಲಿಲ್ಲ, ಅಷ್ಟೇ. "ಎಲ್ಲ ಸೇರಿ ನಮ್ಮ ಕೈಗೆ ಬರುವುದೆಷ್ಟು? ಕೈಯಿಂದ ಹೋಗುವುದೆಷ್ಟು? ಎಷ್ಟು ದಿನದಲ್ಲಿ?" ಈ ಮೂರನ್ನು ಚೀಟಿಯಲ್ಲಿ ಬರೆದುಕೊಡಿರೆಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಈಗ ಕೇಳಲು ಒಂದು ಅನುಕೂಲವೂ ಒದಗಿದೆ. ರಿಸರ್ವ್ ಬ್ಯಾಂಕಿನವರು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆಜ್ಞೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಜನಸಾಮಾನ್ಯರಿಗೆ ಹೊಸ ಸಾಲ ಕೊಡುವ ಮುಂಚೆ ಮುಖ್ಯ ವಿವರಗಳ ಒಂದು ಪತ್ರಿಕೆಯನ್ನು ಕೊಡಬೇಕು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮುಂಬಯಿಯಲ್ಲಿದ್ದರೂ ದೆಹಲಿಯಲ್ಲಿದ್ದರೂ, ನಮಗೆ ತಿಳಿಯುವ ಭಾಷೆ ಕನ್ನಡವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಇನ್ನೂ ಒಂದು ವಿಶೇಷವಿದೆ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಆ ಪತ್ರಿಕೆಯಲ್ಲಿ ಹೇಳಿದ ಕರಾರು ಕಡಿಮೆಯೆಂದರೆ ಮೂರು ಕೆಲಸದ ದಿನಗಳವರೆಗೆ ಊರ್ಜಿತವಾಗಿರಬೇಕು. ಎಂದರೆ ಯೋಚಿಸಲು ಮೂರು ದಿನಗಳ ಹಕ್ಕು ನಮಗಿದೆ. "ಈ ಹೊತ್ತೇ ಸಹಿ ಹಾಕದಿದ್ದರೆ ದರ ಏರುತ್ತದೆ" ಎಂದು ಅವಸರಪಡಿಸುವವರಿಗೆ ಈ ಮಾತನ್ನು ನೆನಪು ಮಾಡಿಕೊಡಬಹುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಚೀಟಿಯ ವಿಷಯವನ್ನು ಬಿಡುವಂತಿಲ್ಲ. ಚೀಟಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ತಂಗಿಯ ಮದುವೆ, ಮನೆಯ ಮಾಡು, ಮಗನ ಫೀಸು ಎಷ್ಟೋ ಜನರಿಗೆ ಚೀಟಿಯಿಂದಲೇ ಆಗಿದೆ. ಆದರೆ ಚೀಟಿಗೂ ಕಾಯಿದೆಯುಂಟು. 1982ರ ಚೀಟಿ ನಿಧಿ ಕಾಯಿದೆಯಂತೆ ಚೀಟಿ ನಡೆಸುವ ಸಂಸ್ಥೆ ರಾಜ್ಯದ ರಿಜಿಸ್ಟ್ರಾರರಲ್ಲಿ ಚೀಟಿಯನ್ನು ನೋಂದಾಯಿಸಬೇಕು, ಭದ್ರತೆ ಇಡಬೇಕು. ನಡೆಸುವವರ ಕಮಿಷನ್ನು ನೂರಕ್ಕೆ ಐದನ್ನು ಮೀರಬಾರದೆಂದಿದ್ದುದನ್ನು 2019ರ ತಿದ್ದುಪಡಿ ಏಳಕ್ಕೆ ಏರಿಸಿತು. ನೋಂದಣಿಯ ಕಾಗದ ತೋರಿಸಿರೆಂದು ಕೇಳಿದರೆ ಪ್ರಾಮಾಣಿಕನಿಗೆ ಸಿಟ್ಟು ಬರುವುದಿಲ್ಲ. "ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎಂದು ಅವನು ದಾಕ್ಷಿಣ್ಯದ ಬಾಣ ಬಿಟ್ಟರೆ, ಅಲ್ಲಿಂದ ಎದ್ದು ಬರುವುದೇ ಲೇಸು. ಇನ್ನು ಮೊದಲ ತಿಂಗಳೇ ಚೀಟಿ ಎತ್ತಿದವನು ತಾನು ಉಳಿಸಿದೆನೆಂದು ತಿಳಿಯಬಾರದು. ಅವನು ಮಾಡಿದ್ದು ಸಾಲ. ಉಳಿದ ತಿಂಗಳುಗಳ ಕಂತು ತಲೆಯ ಮೇಲೆ ಇದ್ದೇ ಇದೆ.

ಉಳಿತಾಯಕ್ಕೆ ನಮ್ಮ ನಾಡಿನದೇ ಒಂದು ಹಳೆಯ ಉದಾಹರಣೆ ಕೊಡುತ್ತೇವೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ. ಏಜೆಂಟನು ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಒಯ್ಯುತ್ತಿದ್ದನು. ಹನಿಗೂಡಿದರೆ ಹಳ್ಳವೆಂಬ ಮಾತು ಹೊಸದೇನಲ್ಲ. ಆ ಯೋಜನೆಯ ಜಾಣತನ ಬೇರೆ ಕಡೆ ಇತ್ತು. ಉಳಿಸಬೇಕೇ ಬೇಡವೇ ಎಂದು ದಿನವೂ ಮನಸ್ಸಿನೊಡನೆ ಜಗಳವಾಡುವ ಕೆಲಸವೇ ಉಳಿಯಲಿಲ್ಲ. ಒಮ್ಮೆ ತೀರ್ಮಾನ ಮಾಡಿದರೆ ಮುಗಿಯಿತು. ಇಂದು ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ತಿಂಗಳ ಠೇವಣಿ ತೆರೆದು, ಸಂಬಳ ಬಂದ ಮರುದಿನವೇ ಹಣ ಅಲ್ಲಿಗೆ ಹೋಗುವಂತೆ ಮಾಡಿದರೆ ಅದೇ ಫಲ ಸಿಗುತ್ತದೆ. ಹಣ ಖಾತೆಯಲ್ಲಿಲ್ಲದಿದ್ದರೆ "ಸದ್ಯ ಕೈಯಲ್ಲಿಲ್ಲ" ಎಂದು ಹೇಳುವ ಮಾತು ಸುಳ್ಳೂ ಆಗುವುದಿಲ್ಲ! ಬ್ಯಾಂಕ್ ಠೇವಣಿಗೆ 1962ರಿಂದ ವಿಮೆಯ ರಕ್ಷಣೆಯಿದೆ. 2020ರ ಫೆಬ್ರವರಿಯಲ್ಲಿ ಅದರ ಮಿತಿಯನ್ನು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿಗೆ ಏರಿಸಲಾಯಿತು.

ಕಡೆಯದಾಗಿ, ಎಲ್ಲಕ್ಕಿಂತ ಕಷ್ಟವಾದ ಮಾತು. ನಮ್ಮ ನಿಜವಾದ ಸಂಬಳವೆಷ್ಟೆಂದು ಊರಿನಲ್ಲಿ ಎಷ್ಟು ಜನರ ಮನೆಯವರಿಗೆ ಗೊತ್ತಿದೆ? ಹಬ್ಬಕ್ಕೆ ಹೋಗುವಾಗ ಹೊಸ ಬಟ್ಟೆ ತೊಟ್ಟು, ಕೈತುಂಬ ಸಿಹಿತಿಂಡಿ ಒಯ್ಯುತ್ತೇವೆ. ಪಟ್ಟಣದಲ್ಲಿರುವ ಮಗನಿಗೆ ಕೊರತೆಯಿಲ್ಲವೆಂದು ತಂದೆತಾಯಿ ನಂಬುತ್ತಾರೆ. ಆ ನಂಬಿಕೆಯ ಮೇಲೆ ಮದುವೆಯ ಖರ್ಚು ಗೊತ್ತಾಗುತ್ತದೆ, ಮನೆಗೆ ಇನ್ನೊಂದು ಅಂಕಣ ಏರುತ್ತದೆ. ಸಾಲ ಮಾತ್ರ ಇಲ್ಲಿ ಬೆಳೆಯುತ್ತದೆ. ಅವರ ತಪ್ಪೇನು? ಬಾಡಿಗೆಗೆ, ಊಟಕ್ಕೆ, ರೈಲಿನ ಪಾಸಿಗೆ ಹೋಗಿ ಉಳಿಯುವುದೆಷ್ಟೆಂದು ಒಂದು ಹಾಳೆಯಲ್ಲಿ ಬರೆದು ಹೆಂಡತಿಯೊಡನೆ, ತಂದೆತಾಯಿಯೊಡನೆ ಕುಳಿತು ಮಾತನಾಡೋಣ. ಊರಿನ ಹೆಣ್ಣುಮಕ್ಕಳು ಅರ್ಧ ಸೇರು ಅಕ್ಕಿಯಲ್ಲಿ ಮನೆ ತೂಗಿಸಿದವರು; ಲೆಕ್ಕ ತಿಳಿದರೆ ನಮಗಿಂತ ಚೆನ್ನಾಗಿ ದಾರಿ ತೋರಿಸಿಯಾರು.

ಬಂಧುಗಳೇ, ಯಾರಿಗೂ ಏನನ್ನೂ ಕೊಡಬಾರದೆಂದು ನಾವು ಹೇಳಿದ್ದೆಂದು ಯಾರೂ ತಿಳಿಯಬಾರದು. ಕೊಡುವವರಿಲ್ಲದಿದ್ದರೆ ಈ ಉಚಿತ ವಾಚನಾಲಯವಾದರೂ ಎಲ್ಲಿರುತ್ತಿತ್ತು? ನಾವು ಕೇಳಿಕೊಳ್ಳುವುದು ಒಂದು ರಾತ್ರಿಯ ಅವಕಾಶವನ್ನು ಮಾತ್ರ. ಆಸ್ಪತ್ರೆಯ ಖರ್ಚಿನಂಥ ತುರ್ತು ಬಿಟ್ಟು ಬೇರೆ ಯಾವ ಹಣದ ಮಾತಿಗೂ, ಯಾರೇ ಕೇಳಲಿ, "ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇವೆ" ಎನ್ನೋಣ. ನಿಜವಾದ ಸ್ನೇಹಿತ ನಾಳೆಯವರೆಗೆ ಕಾದಾನು.

 ಸಾಲದ ಕಾಗದ ಓದಿ ಅರ್ಥಮಾಡಿಕೊಳ್ಳಲು ಕಷ್ಟವಾದವರು ಸಂಕೋಚಪಡದೆ ಅದನ್ನು ವಾಚನಾಲಯಕ್ಕೆ ತರಲಿ. ಸಹಿ ಬೀಳುವ ಮೊದಲು ನಾಲ್ಕು ಜನ ಕೂಡಿ ಓದೋಣ.