ಒಂದು ಯೂನಿಟ್ ಅಂದರೆ ಎಷ್ಟು?

(ಶಿಗ್ಗಾಂವ ತಾಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಬರುವಾಗ ಕರೆಂಟ್ ಬಿಲ್ಲು ತನ್ನಿರಿ ಅಂತ ಹೋದ ವಾರ ಹೇಳಿದ್ದೆವು. ತಂದೀರೇನು? ಸದ್ಯ ಮಡಚಿ ಇಟ್ಟುಕೊಳ್ರಿ. ಮೊದಲು ಒಂದು ಮನೆಯ ಜಗಳದ ಮಾತು ಕೇಳ್ರಿ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ. ಹೆಸರು ಬೇಡ. ಅವರ ಮನೆಗೆ ಆರು ತಿಂಗಳಿಂದ ಸೊನ್ನೆ ಬಿಲ್ಲು ಬರುತ್ತಿತ್ತು. ಚಳಿಗಾಲದಾಗ ಒಮ್ಮೆಲೆ ರೊಕ್ಕ ಕಟ್ಟುವ ಬಿಲ್ಲು ಬಂತು. ಅತ್ತಿ ಸಿಟ್ಟಿಗೆದ್ದರು. "ಹಗಲೆಲ್ಲಾ ಟಿ.ವಿ. ಮುಂದ ಕುಂತು ಕರೆಂಟ್ ಸುಟ್ಟೀ" ಅಂದರು. ಗಂಡನೂ ಹೌದು ಅಂದ. ಅಕ್ಕ ಅಳುತ್ತ ನಮ್ಮ ಹತ್ತಿರ ಬಂದಳು. "ಟೀಚರ್, ನಾ ನೋಡೋದು ಎರಡು ಧಾರಾವಾಹಿ. ಅಷ್ಟಕ್ಕ ಇಷ್ಟು ಬರತೈತೇನ್ರಿ?"

ನಾವು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಲೆಕ್ಕ ಮಾಡೋಣ ಬಾ ಅಂದೆವು.

ಜೋಳವನ್ನು ಸೇರಿನಿಂದ ಅಳೆಯುತ್ತೀರಿ. ಹಾಲನ್ನು ಲೀಟರಿನಿಂದ ಅಳೆಯುತ್ತೀರಿ. ಕರೆಂಟನ್ನು ಯೂನಿಟ್‌ನಿಂದ ಅಳೆಯುತ್ತಾರೆ. ಮನೆಯ ಪ್ರತಿ ಸಾಮಾನಿನ ಮೇಲೆ ಒಂದು ಅಂಕಿ ಬರೆದಿರುತ್ತದೆ. ಅದರ ಮುಂದೆ ಇಂಗ್ಲಿಷಿನ ಡಬ್ಲ್ಯು ಅಕ್ಷರ ಇರುತ್ತದೆ. ಅದು ವ್ಯಾಟ್. ಆ ಸಾಮಾನು ಎಷ್ಟು ಜೋರಾಗಿ ಕರೆಂಟ್ ತಿನ್ನುತ್ತದೆ ಎಂದು ವ್ಯಾಟ್ ಹೇಳುತ್ತದೆ. 1000 ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಇಷ್ಟೇ ನೋಡ್ರಿ. ವ್ಯಾಟ್ ಗುಣಿಲೆ ತಾಸು, ಅದನ್ನು 1000ದಿಂದ ಭಾಗಿಸಬೇಕು.

ಅಕ್ಕನ ಮನೆಯಲ್ಲಿ 9 ವ್ಯಾಟಿನ ಮೂರು ಎಲ್.ಇ.ಡಿ. ಬಲ್ಬು. ದಿನಕ್ಕೆ ಐದು ತಾಸು ಉರಿಯುತ್ತವೆ. ತಿಂಗಳಿಗೆ 4 ಯೂನಿಟ್ ಆಯಿತು. (ಹಳೆಯ 60 ವ್ಯಾಟಿನ ಬಲ್ಬು ಇದ್ದಿದ್ದರೆ 27 ಯೂನಿಟ್ ಆಗುತ್ತಿತ್ತು. ಯಾರ ಮನೆಯಾಗಾದರೂ ಇನ್ನೂ ಇದ್ದರೆ ತೆಗೆಯಿರಿ.) ಫ್ಯಾನು 75 ವ್ಯಾಟ್, ಎಂಟು ತಾಸು. ತಿಂಗಳಿಗೆ 18 ಯೂನಿಟ್. ಚಳಿಗಾಲದಾಗೂ ಸೊಳ್ಳೆಗೆ ಫ್ಯಾನು ಬೇಕಂತೆ. ಮಿಕ್ಸರ್ 500 ವ್ಯಾಟ್, ಆದರೆ ದಿನಕ್ಕೆ ಕಾಲು ತಾಸು ಮಾತ್ರ. ಸುಮಾರು 4 ಯೂನಿಟ್. ಟಿ.ವಿ. 60 ವ್ಯಾಟ್. ನಾಲ್ಕು ತಾಸು ಹಿಡಿದೆವು. ತಿಂಗಳಿಗೆ 7 ಯೂನಿಟ್.

ಎಲ್ಲಾ ಕೂಡಿಸಿದರೆ 33.

ಬಿಲ್ಲಿನಾಗ ಹಿಂದಿನ ರೀಡಿಂಗ್ 4312 ಇತ್ತು. ಈಗಿನದು 4390. ಕಳೆದರೆ 78. ಅಂದರೆ ಇನ್ನೂ 45 ಯೂನಿಟ್ ಎಲ್ಲಿ ಹೋಯಿತು?

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಟೀಚರ್, ಕಾಯಿಲ್!" ಅಂದಳು.

ಚಳಿ ಅಂತ ಗಂಡ ಸಂತೆಯಿಂದ ನೀರು ಕಾಸುವ ಕಾಯಿಲ್ ತಂದಿದ್ದ. 1500 ವ್ಯಾಟಿನದು. ಮುಂಜಾನೆ ಮೂರು ಬಕೆಟ್ ನೀರಿಗೆ ಒಟ್ಟು ಒಂದು ತಾಸು ಹಚ್ಚುತ್ತಿದ್ದರು. ದಿನಕ್ಕೆ ಒಂದೂವರೆ ಯೂನಿಟ್. ತಿಂಗಳಿಗೆ 45. ಲೆಕ್ಕ ಸರಿಯಾಗಿ ಕೂಡಿತು. ಏಳು ಯೂನಿಟಿನ ಟಿ.ವಿ.ಗೆ ಬೈಗುಳ, ನಲವತ್ತೈದು ಯೂನಿಟಿನ ಕಾಯಿಲಿಗೆ ಮಾತೇ ಇಲ್ಲ!

"ಇನ್ನೂರು ಯೂನಿಟ್ ಪುಕ್ಕಟೆ ಅಲ್ಲೇನ್ರಿ? 78ಕ್ಕ ರೊಕ್ಕ ಯಾಕ?" ಅಂತ ನೀವು ಕೇಳಬಹುದು. ಇದು ಬಹಳ ಮಂದಿಗೆ ತಿಳಿಯದ ವಿಷಯ. ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲು 2023ರ ಆಗಸ್ಟ್‌ನಿಂದ ಬರತೊಡಗಿತು. ಆದರೆ ಎಲ್ಲರಿಗೂ 200 ಯೂನಿಟ್ ಇಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ, ಅದಕ್ಕೆ ಸ್ವಲ್ಪ ಹೆಚ್ಚು ಸೇರಿಸಿ ಆ ಮನೆಯ ಮಿತಿ ಮಾಡಿದ್ದಾರೆ. ಈ ಅಕ್ಕನ ಮನೆಯ ಮಿತಿ 50. ಮಿತಿ ದಾಟಿದ 28 ಯೂನಿಟಿಗೆ ರೊಕ್ಕ ಕಟ್ಟಬೇಕಾಯಿತು. 200 ದಾಟಿದರೆ ಮಾತ್ರ ಪೂರಾ ಬಿಲ್ಲನ್ನು ಕಟ್ಟಬೇಕು. ಆದ್ದರಿಂದ ನಿಮ್ಮ ಮನೆಯ ಮಿತಿ ಎಷ್ಟು ಅನ್ನುವುದು ನಿಮಗೆ ಗೊತ್ತಿರಲಿ.

ಹಾಂಗಂತ ಕಾಯಿಲ್ ಬಿಟ್ಟು ಹಂಡೆಗೆ ಉರಿ ಹಾಕಿರಿ ಅಂತ ನಾವು ಹೇಳುವುದಿಲ್ಲ. ಹತ್ತಿಕಟ್ಟಿಗೆ ಹೊತ್ತು ತರುವವರೂ ನೀವೇ, ಹೊಗೆ ಕುಡಿಯುವವರೂ ನೀವೇ. ಒಂದು ಬಕೆಟ್ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗಾಗಲು ಸುಮಾರು ಕಾಲು ತಾಸು ಸಾಕು. ಕುದಿಯುವಷ್ಟು ಕಾಸಿ, ಮತ್ತೆ ತಣ್ಣೀರು ಬೆರೆಸಿ, ಉಳಿದದ್ದನ್ನು ಚೆಲ್ಲುವುದು ಯಾಕೆ?

ಈ ಕಾಯಿಲಿನ ಬಗ್ಗೆ ಇನ್ನೊಂದು ಮಾತಿದೆ. ಹತ್ತನೆಯ ತರಗತಿಯ ನಿಮ್ಮ ಮಕ್ಕಳು ವೋಲ್ಟ್, ಆಂಪಿಯರ್ ಅಂತ ಓದುತ್ತಾರಲ್ಲ, ಅದು ಬರೀ ಪರೀಕ್ಷೆಯ ಮಾತಲ್ಲ. ಊರಿನ ನೀರಿನ ಟಾಕಿ ನೆನೆಸಿರಿ. ಟಾಕಿ ಎತ್ತರ ಇದ್ದಷ್ಟೂ ನಳದಾಗ ನೀರಿನ ಒತ್ತಡ ಜೋರು. ಕರೆಂಟಿನ ಅಂಥ ಒತ್ತಡಕ್ಕೆ ವೋಲ್ಟ್ ಎನ್ನುತ್ತಾರೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ನಳದಿಂದ ನೀರು ಹರಿದ ಹಾಗೆ ತಂತಿಯಲ್ಲಿ ಹರಿಯುವ ಕರೆಂಟಿನ ಅಳತೆ ಆಂಪಿಯರ್. ವೋಲ್ಟ್ ಗುಣಿಲೆ ಆಂಪಿಯರ್ ಮಾಡಿದರೆ ವ್ಯಾಟ್ ಬರುತ್ತದೆ.

ತಿರುಗಿಸಿ ಲೆಕ್ಕ ಮಾಡ್ರಿ. 1500ನ್ನು 230ರಿಂದ ಭಾಗಿಸಿದರೆ ಆರೂವರೆ ಆಂಪಿಯರ್. ಗೋಡೆಯ ಸಣ್ಣ ಪ್ಲಗ್ಗು ತಡೆಯುವುದು 6 ಆಂಪಿಯರ್ ಮಾತ್ರ. ಅದಕ್ಕೆ ಕಾಯಿಲ್ ಹಚ್ಚಿದರೆ ತಂತಿ ಕಾಯುತ್ತದೆ, ಪ್ಲಗ್ಗು ಸುಡುತ್ತದೆ. ಪಾಠ ಹೇಳುವ ನಮ್ಮ ಮನೆಯಲ್ಲೇ ಹೀಗೆ ಪ್ಲಗ್ಗು ಕರ್ರಗೆ ಸುಟ್ಟಿತ್ತು ಅಂದರೆ ನಗಬೇಡ್ರಿ. ಕಾಯಿಲಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಅದರ ಮೇಲಿನ ದಪ್ಪ ತೂತು ಅರ್ಥಿಂಗ್‌ದು. ಆ ಪಿನ್ನನ್ನು ಮುರಿದು ಹಾಕಬೇಡ್ರಿ.

ವ್ಯಾಟ್, ವೋಲ್ಟ್, ಆಂಪಿಯರ್, ಇವೆಲ್ಲ ಮನುಷ್ಯರ ಹೆಸರಿನಿಂದ ಬಂದವು. ಮೊಮ್ಮಗನಿಗೆ ಅಜ್ಜನ ಹೆಸರು ಇಟ್ಟ ಹಾಂಗ. ಓಮ್ ಅಂತ ಇನ್ನೊಬ್ಬ ಇದ್ದ. ಜರ್ಮನಿಯವನು, ನಮ್ಮ ಹಾಂಗ ಸಾಲಿ ಮಾಸ್ತರ. ಕರೆಂಟಿಗೆ ಎಷ್ಟು ಅಡ್ಡಿ ಇದೆಯೋ ಅದರ ಮೇಲೆ ಹರಿಯುವ ಕರೆಂಟ್ ನಿಂತಿದೆ ಅಂತ 1827ರಲ್ಲಿ ಪುಸ್ತಕ ಬರೆದ. ಅಡ್ಡಿ ಹೆಚ್ಚಾದರೆ ಕರೆಂಟ್ ಕಡಿಮೆ ಹರಿಯುತ್ತದೆ. ಅಡ್ಡಿ ಕಡಿಮೆಯಾದರೆ ಹೆಚ್ಚು ಹರಿಯುತ್ತದೆ. ಒಣ ಚರ್ಮ ಅಡ್ಡಿ ಮಾಡುತ್ತದೆ. ಒದ್ದೆ ಚರ್ಮ ಅಷ್ಟು ಅಡ್ಡಿ ಮಾಡುವುದಿಲ್ಲ. ಬಚ್ಚಲದಾಗ ನಮ್ಮ ಕೈಕಾಲು ಒದ್ದೆ ಇರುತ್ತವೆ. ಅದಕ್ಕೇ ಕಾಯಿಲ್ ಹಚ್ಚಿದಾಗ ನೀರು ಕಾದೈತೋ ಇಲ್ಲೋ ಅಂತ ಬೆರಳು ಅದ್ದಬಾರದು. ಮೊದಲು ಬಟನ್ ಆರಿಸಬೇಕು. ಪಿನ್ ಕಿತ್ತಬೇಕು. ಕಾಯಿಲನ್ನು ಹೊರಗೆ ತೆಗೆಯಬೇಕು. ಆಮೇಲೆ ಕೈ ಹಾಕಬೇಕು. ಮಕ್ಕಳು ಓಡಾಡುವ ಮನೆಯಾದರೆ ಬಚ್ಚಲ ಬಾಗಿಲು ಹಾಕಿಕೊಳ್ಳಿರಿ.

ಆ ಅಕ್ಕ ಈಗ ಪ್ರತಿ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರಿನ ಮೇಲೆ ಅಂಕಿ ಬರೆಯುತ್ತಾಳೆ. ಮೀಟರಿನಾಗ ಬೇರೆ ಬೇರೆ ಅಂಕಿ ಬಂದು ಹೋಗುತ್ತವೆ. ಕೆ.ಡಬ್ಲ್ಯು.ಎಚ್. ಅಂತ ತೋರಿಸುವಾಗ ಬರುವ ಅಂಕಿಯೇ ಯೂನಿಟ್. ಮೊದಲು ಅತ್ತಿ, "ಇಕಿ ಏನ ಗೀಚತಾಳ" ಅಂದರಂತೆ. ಹೋದ ತಿಂಗಳು ತಾವೇ ಕೇಳಿದರಂತೆ, "ಇನ್ನ ಎಷ್ಟ ಉಳದೈತಿ ಐವತ್ತಕ್ಕ?"

ಈಗ ನಿಮ್ಮ ಬಿಲ್ಲು ಬಿಚ್ಚಿರಿ. ಈಗಿನ ರೀಡಿಂಗ್ ಯಾವುದು, ಹಿಂದಿನದು ಯಾವುದು, ಬೆರಳಿಟ್ಟು ತೋರಿಸಿರಿ. ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಯಾರು ಮೊದಲು ಹೇಳತೀರಿ?