ಮೂಲವನ್ನು ಓದುವವರು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಧರ್ಮನಿಷ್ಠ ಸಂಪ್ರದಾಯವಾದಿಗಳು ಪ್ರಮಾಣಿಸದೆಯೇ ಸುದ್ದಿಯನ್ನು ನಂಬುತ್ತಾರೆಂಬ ಮಾತು ವಿದ್ಯಾವಂತರಲ್ಲಿ ರೂಢವಾಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಟ್ರಿಪೋಡಿ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಅಲುಗಿಸುತ್ತದೆ.

ವರ್ಜೀನಿಯದ ಸಂಪ್ರದಾಯವಾದಿಗಳ ಬೈಬಲ್ ವ್ಯಾಸಂಗಕೂಟಗಳಲ್ಲಿಯೂ ರಾಜಕೀಯ ಸಭೆಗಳಲ್ಲಿಯೂ ಕುಳಿತು ಅವರು ಕಂಡದ್ದು ಓದಿನ ಶ್ರದ್ಧೆಯನ್ನು. ಧರ್ಮಗ್ರಂಥದ ವಾಕ್ಯವನ್ನು ಪದಪದವಾಗಿ ಬಿಡಿಸುವ ಆ ಜನ ಸಂವಿಧಾನವನ್ನೂ ಅಧ್ಯಕ್ಷರ ಭಾಷಣವನ್ನೂ ಹಾಗೆಯೇ ಓದುತ್ತಿದ್ದರು. ಮೂಲವೇ ಕೈಯಲ್ಲಿರುವಾಗ ಪತ್ರಕರ್ತನೆಂಬ ವ್ಯಾಖ್ಯಾನಕಾರ ಏತಕ್ಕೆ ಎಂಬುದು ಅವರ ನಿಲುವು.

ಸುದ್ದಿಯ ನಿಜವನ್ನು ತಾವೇ ಅರಸಲು ಅವರು ಗೂಗಲ್ಲಿನ ಮೊರೆಹೊಕ್ಕರು. ತೊಡಕು ಹುಟ್ಟಿದ್ದು ಅಲ್ಲಿ. ಗ್ರಂಥದ ಪುಟ ಯಾರು ತೆರೆದರೂ ಒಂದೇ. ಶೋಧಯಂತ್ರವಾದರೋ ಕೇಳಿದವನ ಪದಗಳನ್ನೇ ಹಿಡಿದು ಉತ್ತರವನ್ನು ಆಯುತ್ತದೆ. ಅಮೆರಿಕದ ಫುಟ್‌ಬಾಲ್ ಪಂದ್ಯಗಳ ವೀಕ್ಷಕರ ಸಂಖ್ಯೆ ಇಳಿಯಿತೇ ಎಂದು ಅರಸಿದವನಿಗೆ ಇಳಿಕೆಯ ಸುದ್ದಿಯೂ, ಏರಿತೇ ಎಂದು ಅರಸಿದವನಿಗೆ ಏರಿಕೆಯ ಸುದ್ದಿಯೂ ಎದುರಾದುದನ್ನು ಟ್ರಿಪೋಡಿ ತೋರಿಸಿದ್ದಾರೆ. ಪ್ರಶ್ನೆಯೊಳಗೆ ಅಡಗಿದ್ದ ನಂಬಿಕೆ ಪುರಾವೆಯ ವೇಷ ತೊಟ್ಟು ಮರಳುತ್ತದೆ.

ಆದುದರಿಂದ, ಪರೀಕ್ಷಿಸಿ ನೋಡಿರೆಂದು ಅವರಿಗೆ ಬೋಧಿಸಿ ಫಲವಿಲ್ಲ. ಅವರು ಪರೀಕ್ಷಿಸಿಯೇ ನಂಬಿದ್ದಾರೆ. ಪ್ರಶ್ನೆಯ ಪದಗಳು ಯಾರಿಂದ ಬಂದವು ಎಂಬುದನ್ನೂ ಪ್ರಮಾಣಿಸಬೇಕಾಗಿದೆ. ಅವರನ್ನು ಅಳೆಯಹೊರಟ ನಮಗೂ ಈ ಮಾತು ಸಲ್ಲುತ್ತದೆ.